ಬಿಳಿ ಗುರುತಿನ ದಾರಿ

ಅಕ್ಕ ತಂಗಿಯರೇ,

ನಾವು ತವರಿಗೆ ಹೋಗುತ್ತೇವೆ. ಜಾತ್ರೆಗೆ ಹೋಗುತ್ತೇವೆ. ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿ ಬರುತ್ತೇವೆ. ಇವತ್ತು ಇನ್ನೂ ದೂರ ಹೋಗೋಣ. ಬೇರೊಂದು ದೇಶಕ್ಕೆ ಹೋಗಿ ಬರೋಣ. ಬಸ್ ಚಾರ್ಜು ಬೇಡ, ಬುತ್ತಿ ಬೇಡ. ಓದಲು ಬಂದರೆ ಸಾಕು.

ಆ ದೇಶದ ಹೆಸರು ಲಾವೋಸ್.

ಎಲ್ಲಿದೆ ಲಾವೋಸ್?

ಭಾರತದ ಪೂರ್ವಕ್ಕೆ ಮ್ಯಾನ್ಮಾರ್ ದೇಶ ಇದೆ. ಹಿಂದೆ ಅದನ್ನು ಬರ್ಮಾ ಅನ್ನುತ್ತಿದ್ದರು. ಅದನ್ನು ದಾಟಿದರೆ ಲಾವೋಸ್. ಅದರ ಸುತ್ತ ಐದು ದೇಶಗಳಿವೆ. ಚೀನಾ, ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್ ಮತ್ತು ಮ್ಯಾನ್ಮಾರ್. ಯಾವ ಕಡೆಗೂ ಸಮುದ್ರ ಇಲ್ಲ. ಆದರೆ ಮೆಕಾಂಗ್ ಎಂಬ ದೊಡ್ಡ ಹೊಳೆ ಇದೆ.

ಲಾವೋಸ್ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಆದರೆ ಅಲ್ಲಿನ ಜನ ಸುಮಾರು 75 ಲಕ್ಷ ಮಾತ್ರ. ನಮ್ಮ ಬೆಂಗಳೂರಿನಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಯಾಕೆ ಹೀಗೆ? ಅಲ್ಲಿ ಎಲ್ಲಿ ನೋಡಿದರೂ ಬೆಟ್ಟ, ಕಾಡು. ಸಪಾಟಾದ ನೆಲ ಕಡಿಮೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಲ್ಲಿನ ಫು ಬಿಯಾ ಬೆಟ್ಟ 2,800 ಮೀಟರಿಗೂ ಎತ್ತರ.

ಊಟ, ಉಡುಗೆ, ಮಾತು

ಅಲ್ಲಿಯವರ ಊಟ ಅಂಟು ಅಕ್ಕಿಯ ಅನ್ನ. ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ನಾವು ಮುದ್ದೆ ಮುರಿದ ಹಾಗೆ ಕೈಯಿಂದ ಮುರಿದು, ಉಂಡೆ ಮಾಡಿ, ಚಟ್ನಿಗೆ ಅದ್ದಿ ತಿನ್ನುತ್ತಾರೆ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆಗೆ 'ಸಿನ್' ಎಂದು ಹೆಸರು. ಅದರ ಅಂಚು ತುಂಬಾ ಚೆಂದ. ಎಷ್ಟೋ ಹೆಂಗಸರು ತಾವೇ ಮಗ್ಗದಲ್ಲಿ ನೇಯುತ್ತಾರೆ.

ಎದುರಿಗೆ ಯಾರಾದರೂ ಬಂದರೆ ನಮ್ಮ ಹಾಗೇ ಕೈ ಮುಗಿದು 'ಸಬಾಯ್ದೀ' ಅನ್ನುತ್ತಾರೆ. ಅದು ಅವರ ನಮಸ್ಕಾರ. ಬುದ್ಧನ ಗುಡಿಗೆ ಹೋಗುವಾಗ ಚಪ್ಪಲಿ ಬಿಡಬೇಕು. ಭುಜ, ಮೊಣಕಾಲು ಮುಚ್ಚಿರಬೇಕು. ಯಾರ ತಲೆಯನ್ನೂ ಮುಟ್ಟಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಹೋದ ಊರಿನ ನಡತೆ ತಿಳಿದು ನಡೆದರೆ ನಮಗೂ ಮರ್ಯಾದೆ, ಅವರಿಗೂ ಸಂತೋಷ.

ಆಕಾಶದಿಂದ ಬಿದ್ದ ಕೇಡು

ಇಂಥ ದೇಶದ ಮೇಲೆ ದೊಡ್ಡ ಕೇಡು ಬಂತು. ಪಕ್ಕದ ವಿಯೆಟ್ನಾಂನಲ್ಲಿ ಯುದ್ಧ ನಡೆದಿತ್ತು. ಲಾವೋಸ್ ಒಳಗೂ ಎರಡು ಪಕ್ಷಗಳಾಗಿ ಹೊಡೆದಾಟ ಇತ್ತು. ವಿಯೆಟ್ನಾಂನ ಸೈನಿಕರು ಲಾವೋಸಿನ ಕಾಡುದಾರಿಯಲ್ಲಿ ಸಾಮಾನು ಸಾಗಿಸುತ್ತಿದ್ದರು. ಅದನ್ನು ತಡೆಯಬೇಕು, ಒಂದು ಪಕ್ಷಕ್ಕೆ ನೆರವಾಗಬೇಕು ಅಂತ ಅಮೆರಿಕದವರು ವಿಮಾನದಿಂದ ಬಾಂಬು ಸುರಿದರು. 1964ರಿಂದ 1973ರವರೆಗೆ ಸುರಿದರು. ಒಟ್ಟು 20 ಲಕ್ಷ ಟನ್ನಿಗೂ ಹೆಚ್ಚು.

ಜನ ಊರು ಬಿಟ್ಟು ಗುಹೆಗಳಲ್ಲಿ ಬದುಕಿದರು. ರಾತ್ರಿ ಹೊತ್ತು ಗದ್ದೆ ಕೆಲಸ ಮಾಡಿದರು. ಥಾಮ್ ಪಿಯು ಎಂಬ ಗುಹೆ ಇದೆ. 1968ರ ನವೆಂಬರ್‌ನಲ್ಲಿ ಅದರ ಒಳಗೇ ರಾಕೆಟ್ ಬಂದು ಬಿತ್ತು. ನೂರಾರು ಜನ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳು ಬಹಳ ಇದ್ದರು.

ಸುರಿದ ಬಾಂಬುಗಳಲ್ಲಿ ಒಂದು ಬಗೆ ಬಹಳ ಕೆಟ್ಟದ್ದು. ದೊಡ್ಡ ಡಬ್ಬಿಯೊಳಗೆ ನೂರಾರು ಸಣ್ಣ ಬಾಂಬುಗಳು. ಡಬ್ಬಿ ಆಕಾಶದಲ್ಲಿ ಬಾಯಿ ತೆರೆಯುತ್ತದೆ. ಸಣ್ಣ ಬಾಂಬುಗಳು ಬಿತ್ತನೆ ಬೀಜದ ಹಾಗೆ ಚೆಲ್ಲುತ್ತವೆ. ಲಾವೋಸ್ ಜನ ಅದನ್ನು 'ಬಾಂಬಿ' ಅನ್ನುತ್ತಾರೆ. ಹೀಗೆ ಬಿದ್ದ ಬಾಂಬಿಗಳು ಸುಮಾರು 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಆಗ ಸಿಡಿಯಲೇ ಇಲ್ಲ. ಮಣ್ಣಿನಲ್ಲಿ ಹೂತು ಹಾಗೇ ಉಳಿದವು.

ಯುದ್ಧ ಮುಗಿಯಿತು. ಬಾಂಬಿ ಮಾತ್ರ ಸಾಯಲಿಲ್ಲ. ಗುದ್ದಲಿ ತಾಗಿದರೆ ಸಿಡಿಯುತ್ತದೆ. ಚೆಂಡಿನ ಹಾಗೆ ದುಂಡಗಿದೆ ಅಂತ ಮಕ್ಕಳು ಎತ್ತಿದರೆ ಸಿಡಿಯುತ್ತದೆ. ಹಿತ್ತಲಿನಲ್ಲಿ ಒಲೆ ಹೂಡಿದಾಗ ನೆಲ ಕಾದು ಸಿಡಿದದ್ದೂ ಉಂಟು. ಅನ್ನ ಬೇಯಿಸಲು ಕೂತ ತಾಯಿ ಏನು ತಪ್ಪು ಮಾಡಿದ್ದಳು? ಬಾಂಬು ಸುರಿಯುವುದು ನಿಂತ ಮೇಲೆ ಕೂಡ 20,000ಕ್ಕೂ ಹೆಚ್ಚು ಜನ ಹೀಗೆ ಸತ್ತರು, ಇಲ್ಲವೇ ಗಾಯಗೊಂಡರು.

ಬೆಟ್ಟದ ದಾರಿ

ಈಗ ಪ್ರಯಾಣ ಹೊರಡೋಣ. ರಾಜಧಾನಿ ವಿಯೆಂಟಿಯಾನ್. ಅಲ್ಲಿಂದ ಲುವಾಂಗ್ ಪ್ರಬಾಂಗ್ ಎಂಬ ಹಳೆಯ ಪಟ್ಟಣಕ್ಕೆ ಮೊದಲು ಬಹಳ ಜನ ಘಾಟಿ ರಸ್ತೆಯಲ್ಲೇ ಹೋಗುತ್ತಿದ್ದರು. ಬಸ್ಸಿನಲ್ಲಿ ಇಡೀ ದಿನ ಹಿಡಿಯುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ರೈಲು ಬಂತು. ಚೀನಾದ ಗಡಿಯವರೆಗೆ 414 ಕಿಲೋಮೀಟರ್ ಹಳಿ, 75 ಸುರಂಗ. ಈಗ ಅದೇ ಪಟ್ಟಣಕ್ಕೆ ಎರಡು ಗಂಟೆಯ ದಾರಿ. ಆದರೆ ಹಳಿ ಹಾಕುವ ಮೊದಲು ಏನು ಮಾಡಿದರು ಗೊತ್ತಾ? ನೆಲದಲ್ಲಿ ಬಾಂಬು ಇದೆಯೇ ಅಂತ ಹುಡುಕಿ ತೆಗೆದರು.

ಲುವಾಂಗ್ ಪ್ರಬಾಂಗಿನಿಂದ ಪೂರ್ವಕ್ಕೆ ಬೆಟ್ಟ ಹತ್ತಿ ಇಳಿದರೆ ಫೊನ್ಸವಾನ್ ಪಟ್ಟಣ ಸಿಗುತ್ತದೆ. ಆ ಕಡೆಗೆ ರೈಲು ಇಲ್ಲ. ಬಸ್ಸು, ವ್ಯಾನೇ ಗತಿ. ತಿರುವು ಬಹಳ, ಹೊಟ್ಟೆ ತೊಳಸುತ್ತದೆ. ಅಲ್ಲಿ ಬಾಂಬಿನ ಖಾಲಿ ಚಿಪ್ಪುಗಳನ್ನು ಮನೆಗೆ ಕಂಬ ಮಾಡಿದ್ದಾರೆ. ಅವುಗಳಲ್ಲಿ ಈರುಳ್ಳಿ ಸೊಪ್ಪು ಬೆಳೆದಿದ್ದಾರೆ. ಬಾಂಬು ಬಿದ್ದ ಗುಂಡಿಯಲ್ಲಿ ನೀರು ನಿಲ್ಲಿಸಿ ಮೀನು ಸಾಕಿದ್ದಾರೆ. ನಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಕರಗಿಸಿ ಚಮಚ ಮಾಡುತ್ತಾರೆ.

ಗುಡಾಣಗಳ ಬಯಲು

ಫೊನ್ಸವಾನ್ ಹತ್ತಿರ ಒಂದು ವಿಚಿತ್ರ ಬಯಲಿದೆ. ಅಲ್ಲಿ ಕಲ್ಲಿನಲ್ಲಿ ಕಡೆದ ದೊಡ್ಡ ದೊಡ್ಡ ಗುಡಾಣಗಳಿವೆ. ಕೆಲವು ಆಳೆತ್ತರಕ್ಕೂ ಮೀರಿದವು. ಸುತ್ತಲಿನ ಬೆಟ್ಟಗಳಲ್ಲೆಲ್ಲ ಲೆಕ್ಕ ಹಾಕಿದರೆ 2,000ಕ್ಕೂ ಹೆಚ್ಚು. ರಾಕ್ಷಸರು ಹೆಂಡ ಕಾಯಿಸಿ ತುಂಬಿಟ್ಟಿದ್ದರು ಅಂತ ಜನ ಕಥೆ ಹೇಳುತ್ತಾರೆ. ಅಗೆದು ನೋಡಿದವರಿಗೆ ಮನುಷ್ಯರ ಮೂಳೆ ಸಿಕ್ಕಿದೆ. ಸತ್ತವರ ಸಂಸ್ಕಾರಕ್ಕೆ ಹಿಂದಿನವರು ಮಾಡಿದ ಜಾಗ ಅದು. 2019ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣ ಎಂದು ಸಾರಿದರು.

ಅಲ್ಲಿ ನಡೆಯುವಾಗ ಕಣ್ಣು ನೆಲದ ಮೇಲಿರಬೇಕು. ನೆಲದಲ್ಲಿ ಸಣ್ಣ ಗುರುತುಗಳನ್ನು ಹೂತಿದ್ದಾರೆ. ಒಂದು ಪಕ್ಕ ಬಿಳಿ, ಇನ್ನೊಂದು ಪಕ್ಕ ಕೆಂಪು. ಬಿಳಿ ಇರುವ ಕಡೆ ಮಣ್ಣಿನ ಒಳಗೂ ಹುಡುಕಿ ಬಾಂಬು ತೆಗೆದಿದ್ದಾರೆ. ಕೆಂಪು ಇರುವ ಕಡೆ ಮಣ್ಣಿನೊಳಗೆ ಹುಡುಕಿಲ್ಲ. ಬಿಳಿ ಕಡೆ ನಡೆಯಬಹುದು. ಕೆಂಪು ಕಡೆ ಕಾಲಿಡಬಾರದು. ಹೂ ಚೆನ್ನಾಗಿದೆ ಅಂತ ಕೀಳಲೂ ಹೋಗಬಾರದು.

ಬೇರೆ ಕಡೆ ಕೆಂಪು ಹಲಗೆ ಹಾಕಿರುತ್ತಾರೆ. ಅದರ ಮೇಲೆ ತಲೆಬುರುಡೆಯ ಚಿತ್ರ. ಜೊತೆಗೆ ಒಂದು ಮಾತು: 'ಅಂತಲಾಯ್'. ಹಾಗಂದ್ರೆ ಅಪಾಯ. ನಮ್ಮ ಭಾಷೆಯಲ್ಲಿ 'ಅಂತರಾಯ' ಎಂಬ ಮಾತಿದೆಯಲ್ಲ? ಅಡ್ಡಿ, ತೊಡಕು ಎಂದು ಅದರ ಅರ್ಥ. ಎರಡು ಮಾತಿಗೂ ಬೇರು ಒಂದೇ. ಅಷ್ಟೇ ಅಲ್ಲ, ಅವರ ಅಕ್ಷರಕ್ಕೂ ನಮ್ಮ ಕನ್ನಡದ ಅಕ್ಷರಕ್ಕೂ ಮೂಲ ಒಂದೇ, ಬ್ರಾಹ್ಮಿ ಲಿಪಿ. ಲಾವೋ ಬರಹದಲ್ಲಿ ಪದ ಪದದ ನಡುವೆ ಜಾಗ ಬಿಡುವುದಿಲ್ಲ. ಎಲ್ಲ ಸೇರಿಸಿ ಬರೆಯುತ್ತಾರೆ. ಕಲಿಯುವವರಿಗೆ ಎಷ್ಟು ಕಷ್ಟ ಅಂತ ನಿಮಗೆ ಬೇರೆ ಹೇಳಬೇಕೇ?

ಆದರೂ ಕಲಿಯಬೇಕು. ಆ ಹಲಗೆಯ ಒಂದು ಮಾತು ಓದಲು ಬಂದವರು ಹೆಜ್ಜೆ ಹಿಂದಿಡುತ್ತಾರೆ. ಚಿತ್ರ ನೋಡಿ ತಿಳಿದವರೂ ಹಿಂದಿಡುತ್ತಾರೆ. ತಿಳಿಯದ ಮಗು ಮುಂದಿಡುತ್ತದೆ. ಅದಕ್ಕೇ ಅಲ್ಲಿ ಶಾಲೆಯಲ್ಲಿ ಹಾಡು ಕಟ್ಟಿ, ಬೊಂಬೆಯಾಟ ಆಡಿಸಿ ಕಲಿಸುತ್ತಾರೆ: ಮುಟ್ಟಬೇಡ, ಹತ್ತಿರ ಹೋಗಬೇಡ, ದೊಡ್ಡವರಿಗೆ ಹೇಳು.

ನೆಲ ಹಸನು ಮಾಡುವ ಹೆಂಗಸರು

ಬಾಂಬು ಹುಡುಕಿ ತೆಗೆಯುವವರು ಯಾರು? ಲಾವೋಸ್ ಸರ್ಕಾರದ ಒಂದು ಸಂಸ್ಥೆ 1996ರಿಂದ ಈ ಕೆಲಸ ಮಾಡುತ್ತಿದೆ. ಹೊರದೇಶದ ಸಂಸ್ಥೆಗಳೂ ಇವೆ. ಕೆಲಸ ಮಾಡುವವರಲ್ಲಿ ಹೆಂಗಸರು ಬಹಳ. ಹೆಂಗಸರೇ ಇರುವ ತಂಡಗಳೂ ಉಂಟು.

ಹೊಲಕ್ಕೆ ದಾರ ಕಟ್ಟಿ ಪಟ್ಟಿ ಪಟ್ಟಿ ಮಾಡುತ್ತಾರೆ. ಲೋಹ ಹುಡುಕುವ ಯಂತ್ರ ಹಿಡಿದು ನಿಧಾನವಾಗಿ ನಡೆಯುತ್ತಾರೆ. ಯಂತ್ರ ಕೂಗಿದರೆ ನಿಲ್ಲುತ್ತಾರೆ. ಪಕ್ಕದಿಂದ ಮೆಲ್ಲಗೆ ಮಣ್ಣು ಸರಿಸುತ್ತಾರೆ. ಮೊಳೆ ಸಿಗಬಹುದು, ಬಾಂಬಿಯೂ ಸಿಗಬಹುದು. ಬಾಂಬಿ ಸಿಕ್ಕರೆ ಊರವರನ್ನು ದೂರ ಕಳಿಸಿ ಅಲ್ಲೇ ಸಿಡಿಸುತ್ತಾರೆ. ಅವಸರ ಮಾಡುವಂತಿಲ್ಲ.

ಹೀಗೆ ಹಸನಾದ ನೆಲದಲ್ಲಿ ಗದ್ದೆ ಮಾಡುತ್ತಾರೆ. ಶಾಲೆ ಕಟ್ಟುತ್ತಾರೆ. 2008ರಲ್ಲಿ ಸುಮಾರು 300 ಜನ ಬಾಂಬಿಗೆ ಸಿಕ್ಕಿ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಆಮೇಲೆ ಅಂಥ ಅಪಘಾತ ಬಹಳ ಇಳಿಯಿತು. ಆದರೆ ಪೂರ್ತಿ ನಿಂತಿಲ್ಲ. ಎಲ್ಲ ನೆಲ ಹಸನಾಗಲು ಇನ್ನೂ ಎಷ್ಟೋ ವರ್ಷ ಬೇಕು.

ಇಂಥ ಬಾಂಬು ಮಾಡಬಾರದು, ಬಳಸಬಾರದು ಎಂದು 2008ರಲ್ಲಿ ಒಪ್ಪಂದ ಆಯಿತು. ನೂರಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. ಅಮೆರಿಕ, ರಷ್ಯಾ, ಚೀನಾ ಸೇರಿಲ್ಲ. ನಮ್ಮ ಭಾರತವೂ ಸೇರಿಲ್ಲ.

ಅಕ್ಕ ತಂಗಿಯರೇ, ಯುದ್ಧ ಮಾಡಲು 9 ವರ್ಷ ಸಾಕಾಯಿತು. ಅದನ್ನು ಮಣ್ಣಿನಿಂದ ಕಿತ್ತು ತೆಗೆಯಲು 50 ವರ್ಷವೂ ಸಾಲಲಿಲ್ಲ. ಕೆಡಿಸಿದವರು ಮೇಲೆ ಹಾರಿ ಹೋದರು. ಸರಿ ಮಾಡುವವರು ನೆಲಕ್ಕೆ ಬಗ್ಗಿ ಕೂತಿದ್ದಾರೆ.

ಉತ್ತರ ಹೇಳಿ
1. ಲಾವೋಸ್ ದೇಶದ ಸುತ್ತ ಯಾವ ಯಾವ ದೇಶಗಳಿವೆ?
2. ಬಾಂಬಿ ಎಂದರೇನು? ಮಕ್ಕಳಿಗೆ ಅದು ಯಾಕೆ ಹೆಚ್ಚು ಅಪಾಯ?
3. ಬಿಳಿ ಗುರುತಿಗೂ ಕೆಂಪು ಗುರುತಿಗೂ ಏನು ವ್ಯತ್ಯಾಸ?

ಗುಂಪಿನಲ್ಲಿ ಮಾತಾಡಿ
ಯುದ್ಧ ಮುಗಿಯಿತು ಎಂದು ಯಾವಾಗ ಹೇಳಬಹುದು? ಬಂದೂಕು ನಿಂತಾಗಲೋ, ಹೊಲದಲ್ಲಿ ಹೆದರದೆ ಗುದ್ದಲಿ ಹಾಕುವಾಗಲೋ?

ಮಾಡಿ ನೋಡಿ
ನಿಮ್ಮ ಊರಿನಲ್ಲಿ 'ಅಪಾಯ' ಎಂದು ಎಲ್ಲೆಲ್ಲಿ ಬರೆದಿದೆ? ಕರೆಂಟು ಕಂಬ, ಟ್ರಾನ್ಸ್‌ಫಾರ್ಮರ್, ಔಷಧದ ಡಬ್ಬಿ ನೋಡಿ. ಪಟ್ಟಿ ಬರೆಯಿರಿ. ಮನೆಯ ಮಕ್ಕಳಿಗೆ ಓದಿ ಹೇಳಿ.