ನಳ ಒಂದು, ಮನೆ ಮೂರು

ಧಾರವಾಡದ ಹಳೆಯ ಊರಿನಿಂದ ಹೆಬ್ಬಳ್ಳಿ ಗ್ರಾಮದ ಕಡೆಗೆ ಹೊರಡುವ ದಾರಿಯಲ್ಲಿ ಒಂದು ಅಗಸಿ ಇದ್ದಿತು. ಹೆಬ್ಬಳ್ಳಿ ಅಗಸಿ ಎಂಬ ಆ ಹೆಸರು ಇಂದಿಗೂ ಅಲ್ಲಿಯ ಬಡಾವಣೆಗೆ ಉಳಿದಿದೆ. ಇಂಥ ಹಳೆಯ ಭಾಗಗಳ ಓಣಿಗಳಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡು ನಿಂತಿರುತ್ತದೆ. ಎಷ್ಟೋ ಕಡೆ ಹಿರಿಯರ ದೊಡ್ಡ ಮನೆಯೊಂದು ಪಾಲಾಗಿ ಮೂರು ಬಾಗಿಲುಗಳಾದುದುಂಟು. ಪಡಸಾಲೆ ಪಾಲಾಗುತ್ತದೆ, ಹಿತ್ತಲು ಪಾಲಾಗುತ್ತದೆ; ಆದರೆ ಅಜ್ಜನ ಕಾಲದಲ್ಲಿ ಹಾಕಿಸಿದ ನಳ ಮಾತ್ರ ಒಂದೇ ಆಗಿ ಉಳಿಯುತ್ತದೆ. ಅದರ ಬಿಲ್ಲೂ ಒಂದೇ.

ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟವು. ಈ ಅವಳಿನಗರದ ಸುತ್ತಮುತ್ತ ದೊಡ್ಡ ನದಿಯಿಲ್ಲ. ನೀರಸಾಗರ ಕೆರೆಯನ್ನು ಬಿಟ್ಟರೆ ಇಲ್ಲಿಗೆ ನೀರು ಬರಬೇಕಾದುದು ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ. ಅಲ್ಲಿಂದ ಯಂತ್ರಗಳ ಬಲದಿಂದ ಮೇಲೆತ್ತಿ, ಅಮ್ಮಿನಬಾವಿಯಲ್ಲಿ ಶುದ್ಧೀಕರಿಸಿ, ಊರಿಗೆ ತರಲಾಗುತ್ತದೆ. ಬಹುಕಾಲ ಈ ನೀರು ಕೆಲವು ದಿನಗಳಿಗೊಮ್ಮೆ ಮಾತ್ರ ಬರುತ್ತಿತ್ತು. ನಳಕ್ಕೆ ನೀರು ಬಂದ ದಿನವೆಂದರೆ ಮನೆಯ ಕೊಡ, ಹಂಡೆ, ಪಾತ್ರೆಗಳೆಲ್ಲ ಅಂಗಳಕ್ಕೆ ಬರುವ ದಿನ! ಆಗಿನ ಜಗಳಗಳು ಸರದಿಯ ಜಗಳಗಳು. ಯಾರ ಕೊಡ ಮೊದಲು ಎಂಬುದೇ ಪ್ರಶ್ನೆ. ಮೀಟರಿಲ್ಲದ ನಳಕ್ಕೆ ತಿಂಗಳಿಗೆ ನಿಗದಿಯಾದ ಹಣವನ್ನು ಕಟ್ಟಿದರೆ ಮುಗಿಯುತ್ತಿತ್ತು. ಮೂವರು ಸಮನಾಗಿ ಹಾಕಿಕೊಂಡರೆ ಯಾರೂ ಹೆಚ್ಚು ಯೋಚಿಸುತ್ತಿರಲಿಲ್ಲ.

2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಿಂದ ಅವಳಿನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ದೊರೆಯತೊಡಗಿತು. ಅದರೊಡನೆ ಮೀಟರೂ ಬಂದಿತು. ಸರದಿಯ ಜಗಳ ಅಲ್ಲಿಗೆ ಅಡಗಿತು. ಲೆಕ್ಕದ ಜಗಳಕ್ಕೆ ದಾರಿಯಾಯಿತು. ಬಳಕೆ ಹೆಚ್ಚಿದಂತೆ ದರವೂ ಏರುವ ಪದ್ಧತಿ ಇದಕ್ಕೆ ಮುಖ್ಯ ಕಾರಣ. ನೀರನ್ನು ಪೋಲು ಮಾಡುವವರು ಹೆಚ್ಚು ತೆರಲಿ ಎಂಬುದು ಆ ಪದ್ಧತಿಯ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಒಂದು ಮೀಟರಿನ ಹಿಂದೆ ಎಷ್ಟು ಒಲೆಗಳು ಉರಿಯುತ್ತಿವೆ ಎಂಬುದು ಮೀಟರಿಗೆ ತಿಳಿಯದು.

ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ಲೆಕ್ಕಕ್ಕಾಗಿ ಮೊದಲ 8 ಕಿಲೋಲೀಟರಿಗೆ ಕಿಲೋಲೀಟರೊಂದಕ್ಕೆ 6 ರೂಪಾಯಿ, ಮುಂದಿನ 7ಕ್ಕೆ 10 ರೂಪಾಯಿ, ಅದಕ್ಕೂ ಮುಂದಿನ 10ಕ್ಕೆ 15 ರೂಪಾಯಿ ಎಂದು ದರವನ್ನು ಇಟ್ಟುಕೊಳ್ಳೋಣ. ಮೂರು ಮನೆಗಳು ತಲಾ 8ರಂತೆ ಬೇರೆ ಬೇರೆ ಮೀಟರಿನಲ್ಲಿ ಬಳಸಿದರೆ ಒಟ್ಟು ಬಿಲ್ಲು 144 ರೂಪಾಯಿ. ಅದೇ 24 ಕಿಲೋಲೀಟರು ಒಂದೇ ಮೀಟರಿನಲ್ಲಿ ಹರಿದರೆ 48, 70 ಮತ್ತು 135 ಕೂಡಿ 253 ರೂಪಾಯಿ. ಹನಿ ನೀರೂ ಹೆಚ್ಚಾಗಲಿಲ್ಲ. ಹಣ ಮಾತ್ರ 109 ರೂಪಾಯಿ ಹೆಚ್ಚಾಯಿತು. ಇದರ ಮರ್ಮವನ್ನರಿಯದ ನೆರೆಹೊರೆಯವರು ‘ಯಾರೋ ನೀರು ಕದಿಯುತ್ತಿದ್ದಾರೆ’ ಎಂದು ಒಬ್ಬರನ್ನೊಬ್ಬರು ಶಂಕಿಸುವುದು ಸಹಜವೇ.

ಆ ಮೂರು ಮನೆಗಳಲ್ಲಿ ಮೊದಲನೆಯದರಲ್ಲಿ ಒಬ್ಬ ಮುದುಕಿ, ನಡುವಿನ ಮನೆಯಲ್ಲಿ ನಾಲ್ವರು, ಕೊನೆಯ ಮನೆಯಲ್ಲಿ ಏಳು ಮಂದಿ ಇದ್ದಾರೆಂದು ಭಾವಿಸಬಹುದು. ಸಮಪಾಲಾದರೆ ಪ್ರತಿ ಮನೆಗೆ 84 ರೂಪಾಯಿ 33 ಪೈಸೆ. ತಲೆಲೆಕ್ಕ ಹಿಡಿದರೆ ಮುದುಕಿಗೆ 21 ರೂಪಾಯಿ, ಏಳು ಮಂದಿಯ ಮನೆಗೆ 147 ರೂಪಾಯಿಗೂ ಮಿಕ್ಕು. ಮುದುಕಿ ತಲೆಲೆಕ್ಕ ಬೇಡುತ್ತಾಳೆ. ಏಳು ಮಂದಿಯ ಮನೆಯ ಯಜಮಾನ ಹಿಂದಿನ ವಾಡಿಕೆಯನ್ನು ಮುಂದೊಡ್ಡುತ್ತಾನೆ. ಮಾತು ಬೆಳೆದು ಆತ ತನ್ನ ಪಾಲನ್ನು ಕೊಡುವುದನ್ನೇ ನಿಲ್ಲಿಸುತ್ತಾನೆ. ನಳವಿರುವುದು ಮುದುಕಿಯ ಗಂಡನ ಹೆಸರಿನಲ್ಲಿ. ಬಾಕಿಯ ನೋಟೀಸು ಬರುವುದು ಅವಳ ಬಾಗಿಲಿಗೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ಕಚೇರಿ ಕೇಳುವುದಿಲ್ಲ. ನಳ ಕಡಿದರೆ ಎಲ್ಲರಿಗೂ ಕಡಿದಂತೆಯೇ.

ಇಂಥ ಸಮಯದಲ್ಲಿ ನಡುವಿನ ಮನೆಯವರ ಸ್ಥಾನ ಗಮನಾರ್ಹವಾದುದು. ಹನ್ನೆರಡು ತಲೆಗಳಲ್ಲಿ ಅವರದು ನಾಲ್ಕು, ಅಂದರೆ ಮೂರರಲ್ಲೊಂದು. ಸಮಪಾಲಾದರೂ ತಲೆಲೆಕ್ಕವಾದರೂ ಅವರು ಕೊಡಬೇಕಾದುದು ಅದೇ 84 ರೂಪಾಯಿ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದುದರಿಂದಲೇ ಅವರು ಕರೆದರೆ ಇಬ್ಬರೂ ಕಟ್ಟೆಗೆ ಬಂದು ಕೂಡುತ್ತಾರೆ. ಹಳ್ಳಿಯ ಪಂಚರನ್ನು ಆರಿಸುವಾಗ ಹಿರಿಯರು ವಯಸ್ಸಿನಷ್ಟೇ ಇದನ್ನೂ ನೋಡುತ್ತಿದ್ದರು.

ಕಟ್ಟೆಯ ಮಾತಿನಲ್ಲಿ ಹೊಸ ತೊಡಕೊಂದು ಏಳುತ್ತದೆ. ಮುದುಕಿ ಒಂದು ಎಮ್ಮೆ ಸಾಕಿದ್ದಾಳೆ. ಅದರ ಹಾಲಿನಿಂದಲೇ ಅವಳ ಜೀವನ. ಹಾಲು ಕೊಡುವ ಎಮ್ಮೆ ದಿನಕ್ಕೆ 50-60 ಲೀಟರು ನೀರು ಕುಡಿಯಬಲ್ಲದು; ಮೈ ತೊಳೆಯುವ ನೀರು ಬೇರೆ. ತಲೆಲೆಕ್ಕವೆಂದ ಮೇಲೆ ಎಮ್ಮೆಯ ತಲೆಯನ್ನೂ ಎಣಿಸಬೇಕಲ್ಲವೇ?

“ಎಮ್ಮಿ ನೀರು ಕುಡೀತದ, ಖರೆ. ಅದರ ಹಾಲು ಯಾರ ಮನಿ ಚಹಾಕ್ಕ ಬರ್ತದ?” ಎಂದು ಮುದುಕಿ ಕೇಳುತ್ತಾಳೆ.

“ರೊಕ್ಕಾ ಕೊಟ್ಟ ತೊಗೋತೇವಲ್ಲ, ಆಯಿ!” ಎಂದು ಯಜಮಾನ ನಗುತ್ತಾನೆ.

ನಗೆ ಬಂದ ಮೇಲೆ ಅರ್ಧ ಜಗಳ ಮುಗಿದಂತೆಯೇ. ಎಮ್ಮೆಯನ್ನು ಎರಡು ತಲೆಯೆಂದು ಎಣಿಸಿದರೆ ಒಟ್ಟು ಹದಿನಾಲ್ಕಾಗುತ್ತದೆ. ಮುದುಕಿಗೆ 54 ರೂಪಾಯಿ, ನಡುವಿನ ಮನೆಗೆ 72, ದೊಡ್ಡ ಮನೆಗೆ 126ರ ಮೇಲೆ ಐವತ್ತು ಪೈಸೆ. ಉಳಿದ ಚಿಲ್ಲರೆ ಪೈಸೆಗಳಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಈಗ ನಡುವಿನ ಮನೆಗೆ ಹನ್ನೆರಡು ರೂಪಾಯಿ ಉಳಿಯುವುದರಿಂದ ಎಮ್ಮೆಯ ಮಾತನ್ನು ಅವರು ಆಡಬಾರದು. ಅದನ್ನು ಉಳಿದಿಬ್ಬರಿಗೇ ಬಿಡುವುದು ಲೇಸು.

ಕಟ್ಟೆಯಲ್ಲಿ ತೀರದಿದ್ದರೆ ಬೇರೆ ಮಾರ್ಗಗಳೂ ಇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಲೋಕ ಅದಾಲತ್ತಿನಲ್ಲಿ ವ್ಯಾಜ್ಯ ಹೂಡುವ ಮೊದಲೇ ರಾಜಿ ಮಾಡಿಕೊಳ್ಳಬಹುದು. ಅದಕ್ಕೆ ನ್ಯಾಯಾಲಯದ ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ನೀರು ಪೂರೈಸುವ ಸಂಸ್ಥೆಯ ಮೇಲೆಯೇ ದೂರಿದ್ದರೆ ಖಾಯಂ ಲೋಕ ಅದಾಲತ್ತು ಎಂಬ ಬೇರೆ ಏರ್ಪಾಡಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಮಧ್ಯಸ್ಥಿಕೆ ಅಧಿನಿಯಮದಲ್ಲಿ ನೆರೆಹೊರೆಯ ಶಾಂತಿಗೆ ಸಂಬಂಧಿಸಿದ ವಿವಾದಗಳಿಗಾಗಿ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವೇ ಇದೆ. ಮೂವರು ಮಧ್ಯಸ್ಥರು ಕುಳಿತು ಮಾತನಾಡಿಸುವ ಕ್ರಮವದು. ಆ ಒಪ್ಪಂದಕ್ಕೆ ಡಿಕ್ರಿಯ ಬಲವಿಲ್ಲ. ಅದು ನಿಲ್ಲುವುದು ಕೊಟ್ಟ ಮಾತಿನ ಮೇಲೆ, ಕಟ್ಟೆಯ ಒಪ್ಪಂದದಂತೆಯೇ.

ಒಪ್ಪಂದವಾದ ಮರುತಿಂಗಳೇ ಬಿಲ್ಲು ಮತ್ತೆ ಏರಿದರೆ? ಎಲ್ಲರ ಕಣ್ಣೂ ಎಮ್ಮೆಯ ಕಡೆಗೆ ಹೊರಳುವುದು ಖಂಡಿತ. ಅದಕ್ಕೆ ಮೊದಲು ಮಾಡಬೇಕಾದ ಸುಲಭದ ಪರೀಕ್ಷೆಯೊಂದಿದೆ. ರಾತ್ರಿ ಮಲಗುವಾಗ ಮೂರೂ ಮನೆಗಳ ನಳಗಳನ್ನು ಮುಚ್ಚಿ, ಮೀಟರಿನ ಅಂಕಿಯನ್ನು ಎಲ್ಲರೆದುರು ಬರೆದಿಡಬೇಕು. ಬೆಳಗ್ಗೆ ಯಾರೂ ನೀರು ಹಿಡಿಯುವ ಮೊದಲು ಮತ್ತೆ ನೋಡಬೇಕು. ಅಂಕಿ ಮುಂದೆ ಸರಿದಿದ್ದರೆ ಮೀಟರಿನಿಂದ ಈಚೆ ಎಲ್ಲೋ ಕೊಳವೆ ಸೋರುತ್ತಿದೆ ಎಂದರ್ಥ. ಅಜ್ಜನ ಕಾಲದ ಕಬ್ಬಿಣದ ಕೊಳವೆ ತುಕ್ಕು ಹಿಡಿದಿರುವುದು ಆಶ್ಚರ್ಯವಲ್ಲ. ರಿಪೇರಿಯ ವೆಚ್ಚಕ್ಕೆ ತಲೆಲೆಕ್ಕ ಸಲ್ಲದು. ಒಬ್ಬರಿರಲಿ ಏಳು ಮಂದಿಯಿರಲಿ, ಕೊಳವೆ ಎಲ್ಲರಿಗೂ ಅದೇ ಆದುದರಿಂದ ಅದನ್ನು ಮೂರು ಮನೆಗಳೂ ಸಮನಾಗಿ ಹೊರುವುದು ನ್ಯಾಯ. ಆ ಲೆಕ್ಕದಲ್ಲಿ ಎಮ್ಮೆಗೆ ಪಾಲಿಲ್ಲ.