ಸ್ಥಳೀಯ ಟಿ.ವಿ. ಕೇಂದ್ರಗಳ ವಿಲೀನ: ವರ್ತಕರಿಗೊಂದು ಪಾಠ

ಒಂದೇ ಕಂಪನಿಯ ಕೇಂದ್ರಗಳು ದೇಶದ ಶೇ. 39ಕ್ಕಿಂತ ಹೆಚ್ಚು ಟಿ.ವಿ. ಮನೆಗಳನ್ನು ತಲುಪಬಾರದೆಂದು ಅಮೆರಿಕದ ಸಂಸತ್ತು 2004ರಲ್ಲಿ ಮಿತಿ ವಿಧಿಸಿತು. ಆದರೂ ವಿಲೀನಗಳು ನಿಲ್ಲಲಿಲ್ಲ. ಟ್ರಿಬ್ಯೂನ್ ಸಂಸ್ಥೆಯನ್ನು ಕೊಳ್ಳುವ ಸಿಂಕ್ಲೇರ್‌ನ ಯತ್ನ 2018ರಲ್ಲಿ ಮುರಿದುಬಿದ್ದರೂ, 2019ರಲ್ಲಿ ನೆಕ್ಸ್‌ಸ್ಟಾರ್ ಅದನ್ನು ಕೊಂಡಿತು.

ವಿಲೀನದಿಂದ ಆಡಳಿತ ಹಾಗೂ ತಾಂತ್ರಿಕ ವೆಚ್ಚ ಉಳಿಯುವುದು ನಿಜ. ಆದರೆ ಅದರ ಬೆಲೆಯನ್ನು ಊರು ತೆರಬೇಕಾಗುತ್ತದೆ. ಸಿಂಕ್ಲೇರ್ ಕೊಂಡ ಕೇಂದ್ರಗಳಲ್ಲಿ ಸ್ಥಳೀಯ ಸುದ್ದಿ ಕುಗ್ಗಿ, ರಾಷ್ಟ್ರ ರಾಜಕೀಯದ ಸುದ್ದಿ ಹೆಚ್ಚಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ವರ್ತಕರಿಗೆ ಇನ್ನೂ ಹತ್ತಿರದ ಸಂಗತಿ ಜಾಹೀರಾತು ದರ. ಪ್ರತಿಸ್ಪರ್ಧಿ ಪ್ರಸಾರ ಸಂಸ್ಥೆಗಳು ತಮ್ಮ ಜಾಹೀರಾತು ಮಾರಾಟದ ಮಾಹಿತಿಯನ್ನು ಪರಸ್ಪರ ಹಂಚಿಕೊಂಡು ಸ್ಪರ್ಧೆಯನ್ನು ಕುಂದಿಸಿವೆಯೆಂದು ಅಲ್ಲಿನ ನ್ಯಾಯ ಇಲಾಖೆಯು 2018ರ ನವೆಂಬರಿನಲ್ಲಿ ಮೊಕದ್ದಮೆ ಹೂಡಿ, ರಾಜಿಯ ಮೂಲಕ ಆ ಪದ್ಧತಿಯನ್ನು ನಿಷೇಧಿಸಿತು. ಮಾರುವವರು ಕಡಿಮೆಯಾದಷ್ಟೂ ಕೊಳ್ಳುವವನ ಚೌಕಾಶಿಯ ಬಲ ಕುಗ್ಗುತ್ತದೆ. ಆದ್ದರಿಂದ ಮಾಧ್ಯಮದ ಒಡೆತನವು ವರ್ತಕ ಸಮುದಾಯವೂ ಗಮನಿಸಬೇಕಾದ ವಿಷಯವಾಗಿದೆ.