ಮೊಬೈಲಿಗೂ ಕೀಲಿ ಇರಲಿ
(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಸೇರಿ ಚರ್ಚಿಸುವ ಪಾಠ)

ಪಾಠದ ಗುರಿ
1. ಕಳ್ಳರು ನಮ್ಮ ಮೊಬೈಲಿನೊಳಗೆ ಹೇಗೆ ಬರುತ್ತಾರೆಂದು ತಿಳಿಯುವುದು.
2. ಒಬ್ಬ ಸದಸ್ಯೆಯ ಮೊಬೈಲ್ ಕಳ್ಳರ ಕೈಗೆ ಸಿಕ್ಕರೆ ಇಡೀ ಸಂಘಕ್ಕೆ ಏನಾಗುತ್ತದೆಂದು ಅರಿಯುವುದು.
3. ಮೋಸವಾದ ಕೂಡಲೇ ಏನು ಮಾಡಬೇಕೆಂದು ಕಲಿಯುವುದು.



ಹಿಂದೆ ಸಂಘದ ರೊಕ್ಕ ಅಂದರೆ ಒಂದು ಪೆಟ್ಟಿಗೆ, ಒಂದು ಕೀಲಿ, ಒಂದು ಪುಸ್ತಕ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಹತ್ತಿರ, ಪುಸ್ತಕ ಮೂರನೆಯವರ ಹತ್ತಿರ ಇರುತ್ತಿತ್ತು. ಯಾರ ಮೇಲೂ ಅಪನಂಬಿಕೆಯಿಂದ ಹೀಗೆ ಮಾಡಿದ್ದಲ್ಲ, ಎಲ್ಲರ ದುಡಿಮೆ ಉಳಿಯಲಿ ಅಂತ ಮಾಡಿದ್ದು. ಈಗ ಮೊಬೈಲ್ ಬಂದಿದೆ. ಬ್ಯಾಂಕಿನ ಮೆಸೇಜ್ ಅದರಲ್ಲೇ, ಓಟಿಪಿ ಅದರಲ್ಲೇ, ಫೋನ್‌ಪೇ ಅದರಲ್ಲೇ, ಸಂಘದ ವಾಟ್ಸಾಪ್ ಗುಂಪೂ ಅದರಲ್ಲೇ. ಪೆಟ್ಟಿಗೆ, ಕೀಲಿ, ಪುಸ್ತಕ ಮೂರೂ ಒಂದೇ ಕಡೆ ಸೇರಿಬಿಟ್ಟಿವೆ.

"ನಮ್ಮ ಘೋಣಸಗಿಗೆ ಯಾವ ಹ್ಯಾಕರ್ ಬರತಾನ್ರೀ? ನಮ್ಮ ಹತ್ರ ಏನೈತಿ?" ಅಂತ ಕೇಳುವವರಿದ್ದಾರೆ. ಅವನು ಊರಿಗೆ ಬರಬೇಕಾಗಿಲ್ಲ. ನಮ್ಮ ನಂಬರ್ ಒಂದಿದ್ದರೆ ಸಾಕು. ಗೃಹಲಕ್ಷ್ಮಿ ಹಣ, ದ್ರಾಕ್ಷಿ ತೋಟದ ಕೂಲಿ, ಸಂಘದ ಸಾಲ ಎಲ್ಲವೂ ಈಗ ಖಾತೆಗೇ ಬರುತ್ತವೆ ಎಂಬುದು ಅವನಿಗೆ ಗೊತ್ತು.

ಬೆಂಗಳೂರಿನಲ್ಲಿ ನಡೆದದ್ದು

ಓದಿದವರು, ದೊಡ್ಡವರು ಮೋಸ ಹೋಗುವುದಿಲ್ಲ ಎಂದು ತಿಳಿಯಬೇಡಿ. 2025ರ ಸೆಪ್ಟೆಂಬರಿನಲ್ಲಿ ಚಿತ್ರನಟಿ ಪ್ರಿಯಾಂಕಾ ಉಪೇಂದ್ರ ಅವರಿಗೆ ಒಂದು ಫೋನ್ ಬಂತು. ಆನ್‌ಲೈನಿನಲ್ಲಿ ತರಿಸಿದ ಸಾಮಾನು ತಲುಪಿಸುವ ಮಾತು. ಅದಕ್ಕಾಗಿ ಒಂದು ಸಂಕೇತ ಒತ್ತಿರಿ ಎಂದರು. ಸಾಮಾನು ಬರುವುದಿತ್ತು, ಅದಕ್ಕೇ ಸಂಶಯ ಬರಲಿಲ್ಲ, ಒತ್ತಿದರು. ಅವರ ವಾಟ್ಸಾಪ್ ಕಳ್ಳರ ಪಾಲಾಯಿತು. ಅವರ ಪತಿ ನಟ ಉಪೇಂದ್ರ ಅವರ ಫೋನೂ ಸಿಕ್ಕಿಬಿತ್ತು. ಪರಿಚಯದವರಿಗೆಲ್ಲ "ತುರ್ತಾಗಿ ಹಣ ಬೇಕು" ಎಂಬ ಮೆಸೇಜ್ ಹೋಯಿತು. ಅವರೇ ಕೇಳಿದ್ದಾರೆಂದು ನಂಬಿ ಕೆಲವರು ಕಳಿಸಿಯೂ ಬಿಟ್ಟರು.

ಉಪೇಂದ್ರ ದಂಪತಿ ಸುಮ್ಮನೆ ಕೂರಲಿಲ್ಲ. ಯಾರೂ ಹಣ ಕಳಿಸಬೇಡಿ ಎಂದು ಅಂದೇ ಎಲ್ಲರಿಗೂ ಸಾರಿದರು, ಸದಾಶಿವನಗರ ಪೊಲೀಸ್ ಠಾಣೆಗೆ ದೂರು ಕೊಟ್ಟರು. ನವೆಂಬರಿನಲ್ಲಿ ಪೊಲೀಸರು ಬಿಹಾರದ ಯುವಕನೊಬ್ಬನನ್ನು ಹಿಡಿದರು.

ಆ ಸಂಕೇತ ಒತ್ತಿದರೆ ಏನಾಗುತ್ತದೆ?

ನಕ್ಷತ್ರದ ಗುರುತು (*), ಹ್ಯಾಶ್ ಗುರುತು (#), ನಡುವೆ ಒಂದು ನಂಬರ್ ಇರುವ ಇಂಥ ಸಂಕೇತಗಳಲ್ಲಿ ಕೆಲವು ನಮಗೆ ಬರುವ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸುತ್ತವೆ. ಕಾಲುವೆಯ ನೀರನ್ನು ರಾತ್ರೋರಾತ್ರಿ ಬೇರೆಯವರ ಹೊಲಕ್ಕೆ ತಿರುವಿದಂತೆ. ನಮ್ಮ ಫೋನ್ ನಮ್ಮ ಕೈಯಲ್ಲೇ ಇರುತ್ತದೆ, ಆದರೆ ಕರೆ ಕಳ್ಳನಿಗೆ ಹೋಗುತ್ತದೆ. ಆಗ ಅವನು ತನ್ನ ಮೊಬೈಲಿನಲ್ಲಿ ನಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆಯುತ್ತಾನೆ. ಓಟಿಪಿಯನ್ನು ಕರೆ ಮಾಡಿ ತಿಳಿಸಿ ಎನ್ನುತ್ತಾನೆ. ಆ ಕರೆ ಅವನಿಗೇ ಬರುತ್ತದೆ. ಅಲ್ಲಿಗೆ ನಮ್ಮ ವಾಟ್ಸಾಪ್ ಅವನದಾಯಿತು.

ಇದೇ ನಮ್ಮ ಸಂಘದಲ್ಲಿ ಆದರೆ?

ಒಬ್ಬ ಸದಸ್ಯೆಯ ವಾಟ್ಸಾಪ್ ಹೋಯಿತು ಎಂದಿಟ್ಟುಕೊಳ್ಳಿ. ಉಳಿದವರಿಗೆಲ್ಲ ಅವಳ ಹೆಸರು, ಅವಳ ಫೋಟೋದೊಂದಿಗೆ ಮೆಸೇಜ್ ಬರುತ್ತದೆ: "ಅಕ್ಕಾ, ದವಾಖಾನಿಯಾಗ ಅದೀನಿ, ಐದು ಸಾವಿರ ಕಳಸ್ರಿ, ಸಂಜಿಕ ಕೊಡತೀನಿ." ಕಷ್ಟದಲ್ಲಿ ಕೈ ಹಿಡಿಯುವುದೇ ನಮ್ಮ ಸಂಘದ ಗುಣ. ಕಳ್ಳ ಕದಿಯುವುದು ಇದನ್ನೇ. ಹಣಕ್ಕಿಂತ ಮೊದಲು ನಮ್ಮ ನಡುವಿನ ನಂಬಿಗೆಯನ್ನು ಕದಿಯುತ್ತಾನೆ.

ಹಾಗಾದರೆ ಫೋನ್ ಮಾಡಿ ಕೇಳಿದರೆ ಆಯಿತಲ್ಲ? ಕೇಳಲೇಬೇಕು, ಆದರೆ ಒಂದು ಎಚ್ಚರ ಇರಲಿ. ಅವಳ ಕರೆಗಳು ತಿರುಗಿದ್ದರೆ ನಮ್ಮ ಫೋನೂ ಕಳ್ಳನಿಗೇ ಹೋಗುತ್ತದೆ. ಆದ್ದರಿಂದ ಅವಳ ದನಿ ಕೇಳಿದ ಮೇಲೆಯೇ ಹಣದ ಮಾತು. ಕರೆ ಕಟ್ ಆದರೆ, ಬೇರೆ ದನಿ ಬಂದರೆ, "ಈಗ ಮಾತಾಡಾಕ ಆಗೂದಿಲ್ಲ" ಎಂದು ಮೆಸೇಜ್ ಬಂದರೆ, ಅವಳ ಮನೆಯವರ ನಂಬರಿಗೆ ಕೇಳಿ. ಇಲ್ಲವೇ ಅವಳ ಮನೆಗೇ ಹೋಗಿ ಬನ್ನಿ. ಪಟ್ಟಣದವರಿಗೆ ಇಲ್ಲದ ಅನುಕೂಲ ನಮಗಿದೆ: ನಮ್ಮವರ ಮನೆ ನಾಲ್ಕು ಹೆಜ್ಜೆಯ ಮೇಲಿದೆ.

ಕಳ್ಳರು ಬರುವ ಇನ್ನೂ ಮೂರು ದಾರಿಗಳು

ಎಪಿಕೆ ಫೈಲ್: ಮದುವೆಯ ಕರೆಯೋಲೆ, ಗಾಡಿಯ ದಂಡದ ಚೀಟಿ, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುತ್ತದೆ. ಹೆಸರಿನ ಕೊನೆಗೆ "ಎಪಿಕೆ" ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಲಗ್ನಪತ್ರಿಕೆ ಫೋಟೋ ಆಗಿ ಬರುತ್ತದೆ ಅಥವಾ ಪಿಡಿಎಫ್ ಆಗಿ ಬರುತ್ತದೆ, ಎಪಿಕೆ ಆಗಿ ಬರುವುದಿಲ್ಲ. ಅದು ಒಂದು ಆ್ಯಪ್. ಹಾಕಿಕೊಂಡು ಕೇಳಿದ್ದಕ್ಕೆಲ್ಲ "ಅಲೋ" ಒತ್ತಿದರೆ ನಮ್ಮ ಮೆಸೇಜ್, ಓಟಿಪಿ ಎಲ್ಲ ಕಳ್ಳನಿಗೆ ಕಾಣುತ್ತವೆ. ಬೀಗರೇ ಕಳಿಸಿದ್ದರೂ ತೆರೆಯಬೇಡಿ, ಅವರ ಮೊಬೈಲೂ ಕಳ್ಳರ ಕೈಯಲ್ಲಿರಬಹುದು.

ಪರದೆ ತೋರಿಸುವ ಆ್ಯಪ್: "ನಾವು ಬ್ಯಾಂಕಿನವರು, ಈ ಆ್ಯಪ್ ಹಾಕಿಕೊಳ್ಳಿ, ಸರಿ ಮಾಡಿ ಕೊಡುತ್ತೇವೆ" ಎನ್ನುತ್ತಾರೆ. ಹಾಕಿಕೊಂಡರೆ ನಮ್ಮ ಮೊಬೈಲಿನಲ್ಲಿ ಕಾಣುವುದೆಲ್ಲ ಅವರಿಗೂ ಕಾಣುತ್ತದೆ.

ಪಿನ್ ಕೇಳುವುದು: "ಗೃಹಲಕ್ಷ್ಮಿ ಕಂತು ನಿಂತೈತಿ, ಪಿನ್ ಒತ್ರಿ, ಜಮಾ ಆಗತೈತಿ" ಎನ್ನುತ್ತಾರೆ. ಇದೊಂದು ಮಾತು ಬಾಯಿಪಾಠ ಆಗಲಿ: ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಕಾಗಿಲ್ಲ.

ಈ ಸಭೆಯಲ್ಲೇ ಹಾಕಬೇಕಾದ ಕೀಲಿಗಳು

1. ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್ ಒತ್ತಿ 6 ಅಂಕಿಯ ಪಿನ್ ಇಡಿ. ಕಳ್ಳನಿಗೆ ಓಟಿಪಿ ಸಿಕ್ಕರೂ ಈ ಎರಡನೆಯ ಕೀಲಿ ಇಲ್ಲದೆ ಒಳಗೆ ಬರಲಾಗದು. ಹುಟ್ಟಿದ ವರ್ಷ, 123456 ಇಂಥವು ಬೇಡ.
2. ವಾಟ್ಸಾಪಿನ "ಲಿಂಕ್ಡ್ ಡಿವೈಸಸ್" ನೋಡಿ. ಗೊತ್ತಿಲ್ಲದ ಸಾಧನ ಕಂಡರೆ "ಲಾಗ್ ಔಟ್" ಒತ್ತಿ.
3. ಕರೆ ತಿರುಗಿದೆಯೇ ಎಂದು ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ "ಕಾಲ್ ಫಾರ್ವರ್ಡಿಂಗ್" ನೋಡಿ. ##002# ಒತ್ತಿದರೆ ತಿರುವಿದ್ದು ರದ್ದಾಗುತ್ತದೆ. ಕೆಲವು ಕಂಪನಿಗಳ ಸಂಕೇತ ಬೇರೆ, ಸಿಮ್ ಕಂಪನಿಯನ್ನು ಕೇಳಿ.
4. ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ಅಲ್ಲಿಯೂ ಹೆಸರು ಸರಿಯಾಗಿ ನೋಡಿಯೇ ಹಾಕಿ. ಮಕ್ಕಳಿಗೂ ಹೇಳಿ.
5. ಮೊಬೈಲಿಗೆ ಲಾಕ್ ಇರಲಿ. ಪಿನ್ ಅನ್ನು ಕವರಿನ ಹಿಂದೆ ಬರೆದಿಡಬೇಡಿ.

ಮೋಸ ಆಗಿಯೇ ಹೋದರೆ

ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ಅಪರಾಧ ಸಹಾಯವಾಣಿ. ಬೇಗ ಹೇಳಿದರೆ ಹಣ ಕಳ್ಳನ ಖಾತೆಯಲ್ಲಿರುವಾಗಲೇ ತಡೆಹಿಡಿಯಬಹುದು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹರಿದು ಹೋಗುತ್ತದೆ. ಬ್ಯಾಂಕಿಗೂ ತಿಳಿಸಿ ಖಾತೆ ನಿಲ್ಲಿಸಿ. ಓಟಿಪಿ ನಾವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿದೆ. ಆದ್ದರಿಂದ ತಿಳಿಸಿದ ದಿನ, ಸಮಯ, ದೂರಿನ ಸಂಖ್ಯೆ ಬರೆದಿಡಿ. ಮೆಸೇಜ್ ಅಳಿಸಬೇಡಿ, ಅವೇ ಸಾಕ್ಷಿ. ಹತ್ತಿರದ ಪೊಲೀಸ್ ಠಾಣೆಗೆ ಅಥವಾ ವಿಜಯಪುರದ ಸಿಇಎನ್ ಠಾಣೆಗೆ ದೂರು ಕೊಡಿ.

ಕೊನೆಗೆ ಒಂದು ಮಾತು. ಎಷ್ಟೋ ತಾಯಂದಿರು ಮೋಸ ಹೋದದ್ದನ್ನು ಹೇಳುವುದೇ ಇಲ್ಲ. ಮನೆಯವರು ಬೈಯುತ್ತಾರೆ, ಮೊಬೈಲ್ ಕಸಿಯುತ್ತಾರೆ, ಸಂಘದಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ. ಈ ಮೌನವೇ ಕಳ್ಳನಿಗೆ ದೊಡ್ಡ ಬಲ. ಅವಳು ಸುಮ್ಮನಿದ್ದ ಆ ಎರಡು ತಾಸಿನಲ್ಲಿ ಅವನು ಇನ್ನು ನಾಲ್ಕು ಮನೆ ಒಡೆಯುತ್ತಾನೆ. ತಪ್ಪು ಕದ್ದವನದು, ಕಳೆದುಕೊಂಡವಳದಲ್ಲ. ಬಂದು ಹೇಳಿದವಳಿಗೆ "ನಿನಗ ಬುದ್ಧಿ ಇಲ್ಲೇನು?" ಎನ್ನಬೇಡಿ. "ಛಲೋ ಆತು ಹೇಳಿದ್ದು, ನಡಿ 1930ಕ್ಕ ಫೋನ್ ಮಾಡೂಣು" ಅನ್ನಿ.

ಚರ್ಚೆಗೆ ಪ್ರಶ್ನೆಗಳು
1. ನಮ್ಮಲ್ಲಿ ಯಾರಿಗಾದರೂ ಇಂಥ ಕರೆ ಅಥವಾ ಫೈಲ್ ಬಂದಿದೆಯೇ? ಆಗ ಏನು ಮಾಡಿದಿರಿ?
2. ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಎಲ್ಲರೂ ಬಳಸುತ್ತಿದ್ದರೆ ಯಾವ ಎಚ್ಚರ ಬೇಕು?
3. ಮೋಸ ಹೋದ ಸದಸ್ಯೆಗೆ ಸಂಘ ಹೇಗೆ ನೆರವಾಗಬಹುದು?

ಸಭೆಯ ಪುಸ್ತಕದಲ್ಲಿ ಬರೆಯಬಹುದಾದ ಠರಾವು
"ಸಂಘದ ಯಾವ ಸದಸ್ಯೆಯೂ ಮೆಸೇಜ್ ಒಂದನ್ನೇ ನೋಡಿ ಹಣ ಕಳಿಸುವುದಿಲ್ಲ. ದನಿ ಕೇಳಿ ಅಥವಾ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತೇವೆ. ಮೋಸವಾದರೆ ಅದೇ ಗಳಿಗೆ ಪ್ರತಿನಿಧಿಗಳಿಗೆ ತಿಳಿಸುತ್ತೇವೆ. ತಿಳಿಸಿದವರನ್ನು ಯಾರೂ ಹೀಯಾಳಿಸುವುದಿಲ್ಲ."